ಗುಂಪಿನಲ್ಲಿ ಕಲಿಯುವುದು: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ತೋಟ, ಹಳೆಯ ಶಾಸನ, ಸರ್ಕಾರಿ ಪರೀಕ್ಷೆ, ಹೊಲಿಗೆ, ಹಕ್ಕಿ ಗುರುತಿಸುವುದು: ಎರಡೂ ಜಿಲ್ಲೆಗಳಲ್ಲಿ ಜನ ಇವನ್ನೆಲ್ಲ ಈಗ ಫೋನಿನ ಗುಂಪುಗಳಲ್ಲಿ ಒಬ್ಬರಿಂದೊಬ್ಬರು ಕಲಿಯುತ್ತಿದ್ದಾರೆ. ಹಾಸನದಲ್ಲಿ ಶಾಸನ ಓದಲು ಕಲಿಯುವ ಒಂದು ವಾಟ್ಸಾಪ್ ಗುಂಪನ್ನು ನಾನು ನೋಡಿಕೊಳ್ಳುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರ ಗುಂಪುಗಳಲ್ಲೂ ಇದ್ದೇನೆ. ಹೊಸದಾಗಿ ಗುಂಪು ಕಟ್ಟುವವರು, ಕಟ್ಟಿದ ಗುಂಪು ಹಳಿ ತಪ್ಪಿತೆಂದು ಬೇಸರಪಟ್ಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ವಾಟ್ಸಾಪ್ ಗುಂಪಿನಲ್ಲಿ ನಿಜವಾಗಿ ಏನಾದ್ರೂ ಕಲಿಯೋಕಾಗುತ್ತಾ?

ಆಗುತ್ತದೆ. ಆದರೆ ಸೇರಿದ ಮಾತ್ರಕ್ಕೆ ಆಗುವುದಿಲ್ಲ. ಒಂದು ಗುಂಪಿನಲ್ಲಿ ಕಲಿಕೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಾನು ನೋಡುವುದು ಒಂದನ್ನೇ: ಸಲಹೆ ಪಡೆದು ಹೋದವರು ಸ್ವಲ್ಪ ದಿನ ಬಿಟ್ಟು ಬಂದು "ನೀವು ಹೇಳ್ದಂಗೆ ಮಾಡ್ದೆ, ಹಿಂಗಾಯ್ತು" ಎಂದು ಹೇಳುತ್ತಾರಾ? ಹಾಗೆ ಹೇಳುವವರು ನಾಲ್ಕು ಜನ ಇದ್ದರೂ ಅದು ಕಲಿಯುವ ಗುಂಪು.

ಪ್ರಶ್ನೆ ಬಂತು, ಉತ್ತರ ಬಂತು, ಕೈಮುಗಿಯುವ ಚಿತ್ರ ಬಂತು, ಮಾತು ಮುಗಿಯಿತು. ಹೆಚ್ಚಿನ ಗುಂಪುಗಳಲ್ಲಿ ಆಗುವುದು ಇಷ್ಟೇ. ಆ ಸಲಹೆ ಫಲಿಸಿತೋ ಇಲ್ಲವೋ ಕೊಟ್ಟವರಿಗೂ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಓದಿಕೊಂಡ ಐವತ್ತು ಜನಕ್ಕೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಹಾಗಾಗಿ ಮಾಡಿ ನೋಡಿದ್ದನ್ನು ಬಂದು ತಿಳಿಸುವುದು ಗುಂಪಿನ ಮೊದಲ ನಿಯಮವಾಗಬೇಕು. ಉಳಿದ ನಿಯಮಗಳೆಲ್ಲ ಆಮೇಲೆ.

ವಾಟ್ಸಾಪಾ, ಟೆಲಿಗ್ರಾಮಾ, ಫೇಸ್‌ಬುಕ್ಕಾ? ಯಾವುದು ಒಳ್ಳೇದು?

ನಿಮ್ಮ ಜನ ಈಗಾಗಲೇ ಯಾವುದರಲ್ಲಿ ಇದ್ದಾರೋ ಅದು. ಹೊಸ ಆ್ಯಪ್ ಹಾಕಿಸಿಕೊಳ್ಳಿ ಎಂದರೆ ಅರ್ಧ ಜನ ಅಲ್ಲೇ ಕಳಚಿಕೊಳ್ಳುತ್ತಾರೆ, ಅದರಲ್ಲೂ ವಯಸ್ಸಾದವರು, ಯಾರಿಂದ ಕಲಿಯುವುದು ಬೇಕಾದಷ್ಟಿದೆಯೋ ಅವರೇ.

ವ್ಯತ್ಯಾಸ ತಿಳಿದಿರಲಿ. ವಾಟ್ಸಾಪ್ ಗುಂಪಿನಲ್ಲಿ 1,024 ಜನರವರೆಗೆ ಇರಬಹುದು. ಹೊಸದಾಗಿ ಸೇರಿದವರಿಗೆ ಹಿಂದಿನ ಮಾತುಕತೆ ತಾನಾಗಿ ಕಾಣುವುದಿಲ್ಲ. ಟೆಲಿಗ್ರಾಂ ಗುಂಪು 2 ಲಕ್ಷ ಜನರವರೆಗೆ ಬೆಳೆಯಬಹುದು, ಫೋನ್ ನಂಬರ್ ಮರೆಮಾಡಬಹುದು, ಹಳೆಯದೆಲ್ಲ ಹೊಸಬರಿಗೂ ಕಾಣುವಂತೆ ಇಡಬಹುದು. ಪರೀಕ್ಷೆಗೆ ಓದುವ ಹುಡುಗರು ಅದನ್ನು ಹಿಡಿದದ್ದು ಇದಕ್ಕೇ. ಫೇಸ್‌ಬುಕ್ಕಿನಲ್ಲಿ ಒಂದೊಂದು ಪ್ರಶ್ನೆಯ ಕೆಳಗೂ ಅದರದೇ ಉತ್ತರಗಳು ನಿಲ್ಲುವುದರಿಂದ ಎರಡು ಮಾತು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಹಕ್ಕಿ, ಗಿಡ ಗುರುತಿಸುವ ಗುಂಪಿಗೆ ಹೊಂದುತ್ತದೆ.

ಎಷ್ಟು ಜನ ಇದ್ರೆ ಚೆನ್ನ?

ಮೂವತ್ತರಿಂದ ಅರವತ್ತು ಎನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಕಡಿಮೆಯಾದರೆ ವಿಷಯ ಬಲ್ಲವರು ಊರಿಗೆ ಹೋದ ವಾರ ಗುಂಪು ಮಲಗುತ್ತದೆ. ಹೆಚ್ಚಾದರೆ ಜನ "ನಂಗೆ ಗೊತ್ತಿಲ್ಲ" ಎನ್ನಲು ಹಿಂಜರಿಯುತ್ತಾರೆ. ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಲಾಗದ ಕಡೆ ಕಲಿಯುವುದು ಕಷ್ಟ. ಇನ್ನೂರು, ಮುನ್ನೂರು ಜನ ಬರಲೇಬೇಕೆಂದರೆ ವಾಟ್ಸಾಪಿನಲ್ಲಿ 2022ರ ನವೆಂಬರ್‌ನಲ್ಲಿ ಬಂದ ಕಮ್ಯುನಿಟಿ ಸೌಲಭ್ಯ ಬಳಸಿ, ಕಾಫಿಗೊಂದು, ಮೆಣಸಿಗೊಂದು, ಅಡಿಕೆಗೊಂದು ಎಂದು ಒಳಗುಂಪು ಮಾಡಿ.

ಗುಡ್ ಮಾರ್ನಿಂಗ್, ದೇವರ ಫೋಟೋ, ರಾಜಕೀಯ ತಡೆಯೋದು ಹೇಗೆ? ಹೇಳಿದ್ರೆ ಬೇಜಾರಾಗ್ತಾರೆ.

ಬೇಜಾರಾಗುತ್ತಾರೆ, ನಿಜ. ಹಿರಿಯರಿಗೆ ಎಲ್ಲರೆದುರು ಹೇಳಲೇಬಾರದು. "ಮಾವ, ನಿಮ್ಮ ಮೆಸೇಜು ಚೆನ್ನಾಗಿದೆ, ಆದ್ರೆ ಈ ಗುಂಪಲ್ಲಿ ಬರೀ ತೋಟದ ವಿಷಯ ಇಟ್ಕೊಂಡಿದೀವಿ" ಎಂದು ಅವರಿಗೊಬ್ಬರಿಗೇ ಫೋನ್ ಮಾಡಿ ಹೇಳಿದರೆ ಕೇಳದವರು ಕಡಿಮೆ. ಬರೆದು ಕಳಿಸಬೇಡಿ, ಬರಹದಲ್ಲಿ ಅದು ಗದರಿದ ಹಾಗೆ ಕಾಣುತ್ತದೆ. ಹರಟೆಗೆಂದೇ ಇನ್ನೊಂದು ಗುಂಪು ಮಾಡಿಬಿಟ್ಟರೆ ಇನ್ನೂ ಒಳ್ಳೆಯದು. ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಬಹುದು. ಆ ಅಧಿಕಾರವನ್ನು ಗಾಳಿಸುದ್ದಿಗೆ, ಜಾತಿ–ಧರ್ಮದ ಕೆಟ್ಟ ಮಾತಿಗೆ ಮೀಸಲಿಡಿ.

ಎರಡು ಬಾಣದ ಗುರುತಿರುವ ಫಾರ್ವರ್ಡುಗಳು ಈಗಾಗಲೇ ಬಹಳ ಕೈ ದಾಟಿ ಬಂದವು. ವಾಟ್ಸಾಪ್ 2020ರಿಂದ ಅಂಥವನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ ಮಿತಿ ಹಾಕಿದೆ. ಕಲಿಯುವ ಗುಂಪಿನಲ್ಲಿ ಎರಡು ಬಾಣದ್ದು ಬೇಡವೇ ಬೇಡ ಎಂದು ನಿಯಮ ಮಾಡಿದರೆ ಯಾರ ಹೆಸರನ್ನೂ ಎತ್ತಬೇಕಾಗಿಲ್ಲ.

ಸರ್ಕಾರಿ ಯೋಜನೆಯ ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕಿಬಿಡುವ ಫೈಲ್) ಬಂದರೆ ಮಾತ್ರ ಯಾರ ಮುಖವನ್ನೂ ನೋಡದೆ ತಕ್ಷಣ ಅಳಿಸಿ. ಅದನ್ನು ಒತ್ತಿದವರ ಫೋನು, ಬ್ಯಾಂಕ್ ಖಾತೆ ಎರಡೂ ಅಪಾಯಕ್ಕೆ ಸಿಗುತ್ತವೆ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಪ್ರಶ್ನೆ ಹಾಕಿದ್ರೆ ಯಾರೂ ಉತ್ತರ ಕೊಡಲ್ಲ. ಏನ್ಮಾಡೋದು?

ಪ್ರಶ್ನೆ ಹೇಗಿತ್ತು ಎಂದು ಮೊದಲು ನೋಡಿ. ಅಕ್ಟೋಬರಿನಲ್ಲಿ ಬೆಳೆಗಾರರ ಗುಂಪುಗಳಲ್ಲಿ ದಿನಕ್ಕೊಮ್ಮೆಯಾದರೂ ಬರುವ ಪ್ರಶ್ನೆ ಇದು: "ಅಣ್ಣ, ಮೆಣಸಿನ ಬಳ್ಳಿ ಸೊರಗ್ತಿದೆ, ಏನ್ ಹೊಡೀಬೇಕು?" ಜೊತೆಗೆ ಒಂದು ಎಲೆಯ ಮಸುಕು ಫೋಟೋ. ತಿಳಿದವರು ಸುಮ್ಮನಾಗುತ್ತಾರೆ, ಏಕೆಂದರೆ ಇಷ್ಟರಲ್ಲಿ ಏನೂ ಹೇಳಲಾಗದು. ತಿಳಿಯದವರು ಉತ್ತರ ಕೊಡುತ್ತಾರೆ.

ಬಳ್ಳಿ ಸೊರಗುವುದರಲ್ಲಿ ಎರಡು ಬಗೆ. ಶೀಘ್ರ ಸೊರಗು ರೋಗದಲ್ಲಿ ಎಲೆಯ ಮೇಲೆ ಕಪ್ಪು ಮಚ್ಚೆ ಬಂದು, ಬುಡ ಕೊಳೆತು, ಎಲೆ ಉದುರಿ ಕೆಲವೇ ವಾರದಲ್ಲಿ ಇಡೀ ಬಳ್ಳಿ ಹೋಗುತ್ತದೆ. ನಿಧಾನ ಸೊರಗಿನಲ್ಲಿ ಎಲೆ ಹಳದಿಯಾಗುತ್ತಾ ಬರುತ್ತದೆ, ಮಳೆ ಬಂದಾಗ ಚೇತರಿಸಿಕೊಂಡಂತೆ ಕಂಡು ಬೇಸಗೆಗೆ ಮತ್ತೆ ಸೊರಗುತ್ತದೆ. ಬೇರಿಗೆ ಜಂತುಹುಳು ಬಿದ್ದಿರುತ್ತದೆ. ಮೊದಲನೆಯದಕ್ಕೆ ಕೊಡುವ ಔಷಧಿ ಎರಡನೆಯದರ ಹುಳುವಿಗೆ ತಟ್ಟುವುದಿಲ್ಲ. ಎಲೆಯ ಒಂದೇ ಫೋಟೋದಲ್ಲಿ ಇದು ತಿಳಿಯುವುದು ಹೇಗೆ?

ಹಾಗಾಗಿ ಪ್ರಶ್ನೆ ಹೀಗಿರಲಿ: "ಹಾನುಬಾಳು ಹತ್ರ ತೋಟ. ಪಣಿಯೂರು ತಳಿಯ ಮೆಣಸಿನ ಬಳ್ಳಿ, ಏಳು ವರ್ಷದ್ದು, ಸಿಲ್ವರ್ ಓಕಿಗೆ ಹಬ್ಬಿಸಿದ್ದು. ಹದಿನೈದು ದಿನದಿಂದ ಎಲೆ ಉದುರ್ತಿದೆ. ಈ ಸಾಲಲ್ಲಿ ಆರು ಬಳ್ಳಿ ಹಿಂಗಾಗಿದೆ, ಮೇಲಿನ ಸಾಲು ಚೆನ್ನಾಗಿದೆ. ಮೇನಲ್ಲಿ ಬೋರ್ಡೋ ದ್ರಾವಣ ಹೊಡೆದಿದ್ವಿ. ಮಳೆಗಾಲದಲ್ಲಿ ಇಲ್ಲಿ ನೀರು ನಿಂತಿತ್ತು." ಇದಕ್ಕೆ ಮೂರು ಫೋಟೋ: ಇಡೀ ಬಳ್ಳಿ, ಎಲೆಯ ಹಿಂದೆ–ಮುಂದೆ, ಮಣ್ಣು ಕೆದರಿ ಬುಡ. ಇಂಥ ಪ್ರಶ್ನೆಗೆ ಉತ್ತರ ಬರದೆ ಇರುವುದಿಲ್ಲ. ಎಷ್ಟೋ ಸಲ ಇದನ್ನು ಬರೆಯುತ್ತಾ ಬರೆಯುತ್ತಾ ಕೇಳಿದವರಿಗೇ ನೀರು ನಿಂತದ್ದು ಹೊಳೆದುಬಿಡುತ್ತದೆ.

ನಿಮ್ಮ ವಿಷಯಕ್ಕೆ ಬೇಕಾದ ನಾಲ್ಕೈದು ವಿವರಗಳನ್ನು ಗುರುತಿಸಿ, ಮಾದರಿ ಪ್ರಶ್ನೆಯಾಗಿ ಬರೆದು ಗುಂಪಿನ ಮೇಲ್ಗಡೆ ಪಿನ್ ಮಾಡಿ. ಹೊಲಿಗೆಯಾದರೆ ಬಟ್ಟೆ ಯಾವುದು, ಅಳತೆ ಎಷ್ಟು, ಎಲ್ಲಿ ಸುಕ್ಕು ಬೀಳುತ್ತಿದೆ. ಲೆಕ್ಕವಾದರೆ ಎಲ್ಲಿಯವರೆಗೆ ಬಿಡಿಸಿದಿರಿ, ಎಲ್ಲಿ ನಿಂತಿರಿ.

ಬಂದ ಉತ್ತರ ನಂಬಬಹುದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

"ನಮ್ಮ ತೋಟದಲ್ಲಿ ನಾನೇ ಮಾಡಿದೀನಿ" ಎನ್ನುವ ಮಾತು, "ಯಾರೋ ಹೇಳಿದ್ರು" ಎನ್ನುವ ಮಾತು ಎರಡೂ ಒಂದೇ ಗುಂಪಿನಲ್ಲಿ ಒಂದೇ ಬಣ್ಣದಲ್ಲಿ ಬರುತ್ತವೆ. ಉತ್ತರ ಕೊಡುವವರು ಇವೆರಡರಲ್ಲಿ ಯಾವುದೆಂದು ಮೊದಲೇ ಹೇಳಬೇಕು. ಹೇಳದಿದ್ದರೆ ಕೇಳಿ: "ಸರ್, ನೀವೇ ಮಾಡಿ ನೋಡಿದ್ದಾ? ಯಾವ ವರ್ಷ?" ಇದು ಅನುಮಾನದ ಪ್ರಶ್ನೆಯಲ್ಲ. ಕೇಳುವ ರೂಢಿ ಬಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಔಷಧಿಯ ಪ್ರಮಾಣ, ವಿದ್ಯುತ್ ಕೆಲಸ, ಮನುಷ್ಯರ ಹಾಗೂ ದನದ ಚಿಕಿತ್ಸೆ: ಈ ಮೂರರಲ್ಲಿ ಗುಂಪಿನ ಮಾತನ್ನು ಕೊನೆಯ ಮಾತಾಗಿ ತೆಗೆದುಕೊಳ್ಳಬೇಡಿ. ಕಾಫಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. 1925ರಿಂದ ಅಲ್ಲಿ ಕೆಲಸ ನಡೆದಿದೆ. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯ ಕೇಂದ್ರ. ಕಿಸಾನ್ ಕಾಲ್ ಸೆಂಟರಿನ 1800-180-1551 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೇಳಿ ಬಂದದ್ದನ್ನು ಗುಂಪಿಗೆ ತಂದು ಹಾಕಿ.

ಗುಂಪಿನಿಂದ ನಿಜವಾಗಿ ಸಿಗುವುದು ಕೈಕೆಲಸದ ಸೂಕ್ಷ್ಮ. ಕೊಳೆ, ಸೊರಗು ತಡೆಯಲು ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು ಎಂದು ಎಲ್ಲ ಕೈಪಿಡಿಯಲ್ಲೂ ಇದೆ. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತಾ ಕದಡಬೇಕು, ತಿರುವು ಮುರುವು ಮಾಡಬಾರದು, ಕಬ್ಬಿಣದ ಪಾತ್ರೆ ಬಳಸಬಾರದು ಎನ್ನುವುದನ್ನು ಮಾಡುವವರು ತೋರಿಸಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಹದ ನೋಡುವುದು ಹೇಗೆಂದು ಒಬ್ಬ ಬೆಳೆಗಾರರು ಚಿಕ್ಕ ವಿಡಿಯೋ ಹಾಕಿದ್ದರು: ಹೊಳೆಯುವ ಕುಡುಗೋಲನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತಿತ್ತು. "ನೋಡಿ, ಇನ್ನೂ ಸುಣ್ಣ ಬೇಕು" ಎಂದು ಒಂದು ಚೆಂಬು ಸುಣ್ಣದ ನೀರು ಹುಯ್ದು ಮತ್ತೆ ಅದ್ದಿದರು. ಈ ಸಲ ಅಲಗು ಹಾಗೇ ಬಿಳಿ. ಮಾತು ಹತ್ತೂ ಇರಲಿಲ್ಲ. ಇಂಥ ವಿಡಿಯೋ ಇದ್ದರೆ ಆ ಗುಂಪನ್ನು ಬಿಡಬೇಡಿ.

ಬೆಳೆಗೆ ಹೊಡೆಯೋ ಔಷಧಿ ಅಂಗಡಿಯವರು ಗುಂಪಿನಲ್ಲಿ ಇರಬಹುದಾ?

ಇರಲಿ, ಅವರಿಗೂ ಗೊತ್ತಿರುವುದು ಬಹಳ. ಆದರೆ ತಾವು ಯಾರೆಂದು ಹೇಳಿಕೊಂಡಿರಬೇಕು, ತಾವು ಮಾರುವ ಸರಕಿನ ಹೆಸರು ಹಾಕಬಾರದು, ಔಷಧದ ಮೂಲ ಹೆಸರು ಮಾತ್ರ ಹೇಳಬೇಕು. ಬೆಲೆ, ಮಾರಾಟಕ್ಕೆ ವಾರದಲ್ಲಿ ಒಂದು ದಿನ ಬಿಟ್ಟುಕೊಟ್ಟರೂ ಸಾಕು.

ಫೋನಿನಲ್ಲಿ ಶಾಸನ ಓದೋದು ಕಲೀಬಹುದಾ? ನಾನು ಹಳಗನ್ನಡ ಓದಿಲ್ಲ.

ಕಲಿಯಬಹುದು. ಹಳಗನ್ನಡ ಓದಿರಬೇಕೆಂದಿಲ್ಲ, ಅಕ್ಷರದಿಂದ ಶುರುಮಾಡುತ್ತೇವೆ. ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ. ಹೊಲದಂಚಿನಲ್ಲಿ, ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ ಬರಹದ ಕಲ್ಲು ನಿಂತಿರುವ ಊರು ನಮ್ಮಲ್ಲಿ ಎಷ್ಟೊಂದಿವೆ, ಓದಬಲ್ಲವರು ಎಷ್ಟು ಕಡಿಮೆ.

ಮೊದಲು ಫೋಟೋ. ನಡುಮಧ್ಯಾಹ್ನ ತೆಗೆದರೆ ಅಕ್ಷರ ಕಾಣುವುದಿಲ್ಲ. ಬೆಳಕು ಕಲ್ಲಿನ ಮೈಗೆ ಓರೆಯಾಗಿ ಬಿದ್ದಾಗ ಕೊರೆದ ಗೆರೆಯಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಬೆಳಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಹೋಗಿ. ಕಲ್ಲು ನೆರಳಲ್ಲಿದ್ದರೆ ಕತ್ತಲಾದ ಮೇಲೆ ಒಬ್ಬರು ಪಕ್ಕದಿಂದ ಟಾರ್ಚ್ ಹಿಡಿಯಲಿ, ಇನ್ನೊಬ್ಬರು ತೆಗೆಯಲಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಅರಿಶಿನ ಹಚ್ಚುವುದು, ತಂತಿಯಿಂದ ಉಜ್ಜುವುದು ಎಂದೂ ಬೇಡ. ಫೋಟೋವನ್ನು ಹಾಗೇ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ಇಡೀ ಕಲ್ಲಿನದೊಂದು, ಆಮೇಲೆ ಮೂರು ಮೂರು ಸಾಲಿಗೊಂದು.

ಹಲ್ಮಿಡಿ ಬೇಲೂರು ತಾಲ್ಲೂಕಿನದೇ ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ ಎಂದು ಹೊಸಬರು ಆಸೆಪಡುತ್ತಾರೆ. ಸುಮಾರು 450ನೇ ಇಸವಿಯ, 16 ಸಾಲಿನ ಆ ಶಾಸನದ ಲಿಪಿ ಇಂದಿನ ಅಕ್ಷರಕ್ಕೆ ತೀರಾ ದೂರ. ಹೊಯ್ಸಳರ ಕಾಲದ, 12–13ನೇ ಶತಮಾನದ ಕಲ್ಲುಗಳನ್ನು ಹಿಡಿಯಿರಿ. ಅವುಗಳ ಅಕ್ಷರ ನಮ್ಮದಕ್ಕೆ ಹತ್ತಿರ, ಕೊರೆದವರ ಕೈಯೂ ಬಲು ಅಂದ.

ಶುರುವಿಗೆ ಒಂದು ದೊಡ್ಡ ಅನುಕೂಲವಿದೆ. ಶಾಸನದ ಮೊದಲು, ಕೊನೆ ಹೆಚ್ಚಾಗಿ ಗೊತ್ತಿರುವ ಮಾತೇ. ಶಿವನ ಗುಡಿಯ ಕಲ್ಲಾದರೆ "ನಮಸ್ತುಂಗ ಶಿರಶ್ಚುಂಬಿ" ಎಂದು, ಜೈನರದ್ದಾದರೆ "ಶ್ರೀಮತ್ಪರಮಗಂಭೀರ" ಎಂದು ಶುರುವಾಗುವುದು ತುಂಬಾ ಸಾಮಾನ್ಯ. ಕೊನೆಗೆ ದಾನ ಕಿತ್ತುಕೊಂಡವರಿಗೆ ಶಾಪ, "ಸ್ವದತ್ತಾಂ ಪರದತ್ತಾಂ ವಾ". ಈ ಸಾಲುಗಳನ್ನು ಬಾಯಿಪಾಠ ಮಾಡಿ ಕಲ್ಲಿನ ಜೊತೆ ಅಕ್ಷರಕ್ಕಕ್ಷರ ಇಟ್ಟು ನೋಡಿದರೆ ವಾರದೊಳಗೆ ಹತ್ತಾರು ಅಕ್ಷರ ಕಣ್ಣಿಗೆ ಒಗ್ಗುತ್ತವೆ. ಪ, ವ, ಮ ಗೊಂದಲ ಮಾಡುತ್ತವೆ. ಈಗ ಬಳಕೆಯಲ್ಲಿಲ್ಲದ ಱ, ೞ ಸಿಕ್ಕಾಗ ಗುಂಪಿನಲ್ಲಿ ಹಬ್ಬ. ಶಕ ವರ್ಷ ಕಂಡರೆ 78 ಕೂಡಿಸಿ, ಇಸವಿ ಸಿಗುತ್ತದೆ.

ಆಮೇಲೆ ರಾತ್ರಿಗೊಂದು ಸಾಲು. ಪ್ರತಿಯೊಬ್ಬರೂ ತಮಗೆ ಕಂಡಷ್ಟು ಬರೆಯುತ್ತಾರೆ, ಕಾಣದ ಕಡೆ ಚುಕ್ಕೆ ಇಡುತ್ತಾರೆ. ಊಹೆ ತುಂಬಬಾರದು. ಮರುದಿನ ಸಂಜೆಯವರೆಗೆ ಯಾರೂ ಅಚ್ಚಾದ ಪಾಠ ತೆರೆಯಬಾರದು. ನಂತರ ಬಿ.ಎಲ್. ರೈಸ್ ಅವರು ಶಾಸನಗಳ ಪಾಠ ಅಚ್ಚುಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ತೆರೆದು ಹೋಲಿಸುತ್ತೇವೆ. 1902ರ ಐದನೇ ಸಂಪುಟ ಹಾಸನ ಜಿಲ್ಲೆಯದು. ಚಿಕ್ಕಮಗಳೂರಿನವರು ಆರನೇ ಸಂಪುಟದಲ್ಲಿ ಕಡೂರು ಎಂದು ಹುಡುಕಬೇಕು, ಆಗ ಜಿಲ್ಲೆಗೆ ಅದೇ ಹೆಸರು. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ; ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಗಳಿದ್ದರೆ ಅವೂ ಇರಲಿ.

ನಮ್ಮ ಓದಿಗೂ ಪುಸ್ತಕಕ್ಕೂ ಹೊಂದದಿದ್ದಾಗ ಏನು ಮಾಡುತ್ತೇವೆ ಎಂಬುದರಲ್ಲಿ ಗುಂಪಿನ ಜೀವ ಇದೆ. ಕಲ್ಲಿನ ಊರಿನ ಹತ್ತಿರದವರು ಟಾರ್ಚ್ ಹಿಡಿದು ಮತ್ತೆ ಹೋಗುತ್ತಾರೆ, ಆ ಒಂದು ಅಕ್ಷರಕ್ಕೆ ಎಡದಿಂದೊಂದು ಬಲದಿಂದೊಂದು ಬೆಳಕು ಕೊಟ್ಟು ಫೋಟೋ ತರುತ್ತಾರೆ. ಹೆಚ್ಚಿನ ಸಲ ಪುಸ್ತಕವೇ ಸರಿ. ಆದರೂ ಮರಳಿ ಹೋಗಿ ನೋಡಿದವರು ಆ ಅಕ್ಷರವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಎಲ್ರೂ ಓದ್ತಾರೆ, ಮಾತಾಡೋದು ಮೂರೇ ಜನ. ಉಳಿದವರನ್ನ ತೆಗೆದುಬಿಡೋದಾ?

ತೆಗೆಯಬೇಡಿ. ನೋಡುತ್ತಾ ಇರುವುದೂ ಕಲಿಯುವುದೇ. ಜೀನ್ ಲೇವ್, ಎಟಿಯೆನ್ ವೆಂಗರ್ ಎಂಬಿಬ್ಬರು ವಿದ್ವಾಂಸರು 1991ರಲ್ಲಿ ಇದನ್ನು ವಿವರಿಸಿದರು. ಲೇವ್ ಅವರು ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಬಳಿ ಕೆಲಸ ಕಲಿಯುವವರನ್ನು ನೋಡಿದ್ದರು. ಅಲ್ಲಿ ಹೊಸಬರು ಮೊದಲು ಗುಂಡಿ ಹಾಕುವುದು, ಇಸ್ತ್ರಿ ಮಾಡುವುದು, ಆಮೇಲೆ ಹೊಲಿಗೆ, ಕತ್ತರಿ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ತಪ್ಪಿದರೂ ಬಟ್ಟೆ ಹಾಳಾಗದ ಕೆಲಸದಿಂದ ಒಳಕ್ಕೆ ಬರುತ್ತಾರೆ.

ನಿಮ್ಮ ಗುಂಪಿನಲ್ಲಿ ಗುಂಡಿ ಹಾಕುವ ಕೆಲಸ ಯಾವುದು? ಕಾಫಿ ಬೆಳೆಗಾರರಲ್ಲಿ ಅದು ಮೊದಲಿಂದ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ರಾತ್ರಿ "ಎಷ್ಟು ಬಂತು?" ಎಂದು ಒಬ್ಬರು ಕೇಳಿದರೆ ಸಾಕು, ಒಂದು ವರ್ಷ ಬಾಯಿ ಬಿಡದವರೂ "ಹೆತ್ತೂರು 80 ಸೆಂಟ್ಸ್", "ನಮ್ಮಲ್ಲಿ ಒಂದಿಂಚು ಹತ್ತು" ಎಂದು ಹಾಕುತ್ತಾರೆ (ಸೆಂಟ್ ಎಂದರೆ ಇಂಚಿನ ನೂರರಲ್ಲಿ ಒಂದು ಭಾಗ). ಮಳೆ ಲೆಕ್ಕ ಹಾಕಿದವರು ಮುಂದಿನ ವಾರ ಹೂವಿನ ಫೋಟೋ ಹಾಕುತ್ತಾರೆ, ಅದರ ಮುಂದಿನ ವಾರ ಪ್ರಶ್ನೆ ಕೇಳುತ್ತಾರೆ. ನಮ್ಮ ಶಾಸನದ ಗುಂಪಿನಲ್ಲಿ ಹೊಸಬರಿಗೆ ಕೊಡುವ ಕೆಲಸ ಸಾಲಿನಲ್ಲಿ ಎಷ್ಟು "ಕ" ಇವೆ ಎಂದು ಎಣಿಸುವುದು.

ಬರೆಯೋಕೆ ಸರಿಯಾಗಿ ಬರದವರು ಏನ್ಮಾಡ್ಬೇಕು?

ಮಾತಾಡಿ ಕಳಿಸಲಿ. ತೋಟದಲ್ಲಿ, ಕೊಟ್ಟಿಗೆಯಲ್ಲಿ ಐವತ್ತು ವರ್ಷ ಕೆಲಸ ಮಾಡಿದ ಅಜ್ಜಿ ವಾಯ್ಸ್ ಮೆಸೇಜಿನಲ್ಲಿ ಹೇಳಿದಷ್ಟು ವಿವರವಾಗಿ ಯಾರೂ ಬರೆಯಲಾರರು. ಎರಡು ನಿಮಿಷ ಮೀರದಿರಲಿ, ಒಂದು ಮೆಸೇಜಿಗೆ ಒಂದೇ ವಿಷಯ ಇರಲಿ. ಕೇಳಿದವರಲ್ಲಿ ಒಬ್ಬರು ಅದರ ಸಾರವನ್ನು ಎರಡು ಸಾಲು ಬರೆದು ಕೆಳಗೆ ಹಾಕಿದರೆ ನಾಳೆ ಹುಡುಕುವವರಿಗೂ ಸಿಗುತ್ತದೆ. ಈ ಬರೆಯುವ ಕೆಲಸಕ್ಕೆ ಕಾಲೇಜು ಹುಡುಗ ಹುಡುಗಿಯರನ್ನು ಹಚ್ಚಿ, ಅವರು ಕಲಿಯುವುದೂ ಕಡಿಮೆಯಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದ್ರೆ ತೊಂದರೆ ಏನು?

ಹುಡುಕಲು ಆಗುವುದಿಲ್ಲ. ಮೆಣಸು ಎನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ, ಹುಡುಕಿದಾಗ ಒಂದು ಸಿಗುತ್ತದೆ, ಮೂರು ಸಿಗುವುದಿಲ್ಲ. ಫೋನಿನ ಕೀಬೋರ್ಡಿಗೆ ಕನ್ನಡ ಸೇರಿಸಿಕೊಂಡರೆ ಮೈಕ್ ಒತ್ತಿ ಮಾತಾಡಿದರೂ ಬರಹವಾಗುತ್ತದೆ. ಒತ್ತಾಯ ಮಾತ್ರ ಬೇಡ.

ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕೇ ಇರಲ್ಲ.

ಕಳಸ, ಶೃಂಗೇರಿ, ಕೊಪ್ಪ, ಸಕಲೇಶಪುರದ ಮೇಲ್ಭಾಗದವರೆಲ್ಲ ಹೇಳುವುದು ಇದೇ. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದರೆ ಎರಡು ದಿನ ಏನೂ ಇಲ್ಲ. ಆದ್ದರಿಂದ ನಿಮ್ಮ ಗುಂಪಿನಲ್ಲಿ "ಇವತ್ತು ರಾತ್ರಿ ಎಂಟಕ್ಕೆ ಲೈವ್ ಕ್ಲಾಸ್" ಎನ್ನುವಂಥದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳಬೇಡಿ. ಯಾವಾಗ ಸಿಗ್ನಲ್ ಬಂದರೂ ಓದಿ ಉತ್ತರಿಸುವಂತೆ ವಾರಕ್ಕೊಂದು ಕೆಲಸ ಕೊಡಿ. ವಿಡಿಯೋ ಒಂದು ನಿಮಿಷದೊಳಗಿರಲಿ, ಜೊತೆಗೆ ಅದೇ ವಿಷಯ ನಾಲ್ಕು ಸಾಲಿನ ಬರಹದಲ್ಲೂ ಇರಲಿ. ಬರಹ ಎಂಥ ಸಿಗ್ನಲ್‌ನಲ್ಲೂ ಇಳಿಯುತ್ತದೆ. ಫೋನಿನಲ್ಲಿ ಆಟೋ ಡೌನ್‌ಲೋಡ್ ನಿಲ್ಲಿಸುವುದನ್ನು ಎಲ್ಲರಿಗೂ ಹೇಳಿಕೊಡಿ.

ಒಳ್ಳೊಳ್ಳೆ ಉತ್ತರ ಎಲ್ಲ ಮೇಲೆ ಹೋಗಿ ಕಳೆದುಹೋಗುತ್ತೆ.

ಹೌದು, ಯಾರಾದರೂ ಎತ್ತಿಡದಿದ್ದರೆ ಕಳೆದೇ ಹೋಗುತ್ತದೆ. ತಿಂಗಳಿಗೊಬ್ಬರಿಗೆ ಎತ್ತಿಡುವ ಸರದಿ ಹಂಚಿ. ಪ್ರಶ್ನೆ, ಒಪ್ಪಿತವಾದ ಉತ್ತರ, ಮಾಡಿ ನೋಡಿದವರು ಬಂದು ಹೇಳಿದ್ದು: ಈ ಮೂರನ್ನು ಗೂಗಲ್ ಡಾಕ್‌ನಲ್ಲಿ ಬರೆದು ಕೊಂಡಿಯನ್ನು ಗುಂಪಿನ ವಿವರಣೆಯಲ್ಲಿ ಇಡಬೇಕು. ಬರೆದವರ ಹೆಸರು ಹಾಕುವ ಮುಂಚೆ ಅವರನ್ನು ಕೇಳಿ. ಮಾಯವಾಗುವ ಮೆಸೇಜಿನ ಸೌಲಭ್ಯ ಚಾಲೂ ಇದ್ದರೆ ಆಫ್ ಮಾಡಿ, 90 ದಿನಕ್ಕಿಟ್ಟಿದ್ದರೂ ಮುಂದಿನ ಹಂಗಾಮಿಗೆ ಏನೂ ಉಳಿದಿರುವುದಿಲ್ಲ.

ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಟೆಲಿಗ್ರಾಂ ಗುಂಪು ಸೇರಿದೀನಿ. ಪಿಡಿಎಫ್ ರಾಶಿ ಬಿದ್ದಿದೆ. ಉಪಯೋಗ ಆಗ್ತಿಲ್ಲ.

ಪಿಡಿಎಫ್ ಕೂಡಿಡುವುದನ್ನು ಓದು ಎಂದುಕೊಂಡ ಮಕ್ಕಳನ್ನು ನೋಡಿದರೆ ನನಗೆ ತುಂಬಾ ಸಂಕಟವಾಗುತ್ತದೆ. ಬಾಡಿಗೆ ರೂಮು ಮಾಡಿಕೊಂಡು, ಮನೆಯವರ ದುಡ್ಡಿನಲ್ಲಿ ಓದುತ್ತಿರುವವರ ವರ್ಷಗಳು ಇದರಲ್ಲಿ ಹೋಗುತ್ತವೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಮುಚ್ಚಿ ಬರೆದವರು ಮುಂದು. ಗುಂಪನ್ನು ಇದಕ್ಕೆ ಬಳಸಿ. ಆರೇಳು ಜನ ಸೇರಿ, ದಿನಕ್ಕೊಬ್ಬರು ಓದಿದ್ದರಿಂದ ಐದು ಪ್ರಶ್ನೆ ಮಾಡಿ ಪೋಲ್ ಹಾಕಿ. ಪ್ರಶ್ನೆ ಮಾಡಿದವರು ಸರಿ ಉತ್ತರದ ಜೊತೆ ಉಳಿದ ಮೂರು ಯಾಕೆ ತಪ್ಪು ಎಂದೂ ಬರೆಯಬೇಕು. ಪ್ರಶ್ನೆ ತಯಾರಿಸುವವರಿಗೇ ಹೆಚ್ಚು ಲಾಭ, ಹಾಗಾಗಿ ಸರದಿ ಯಾರೂ ತಪ್ಪಿಸಬಾರದು.

ಮಾರಾಟಕ್ಕಿರುವ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ತಪ್ಪು. ಶಾಲಾ ಪಠ್ಯಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಎಂಟರಿಂದ ಹತ್ತನೇ ತರಗತಿಯ ಸಮಾಜ, ವಿಜ್ಞಾನ ಅಲ್ಲಿಂದಲೇ ಶುರುಮಾಡಿ.

ನಂಬರ್ ಎಲ್ಲರಿಗೂ ಕಾಣುತ್ತೆ ಅಂತ ಹೆಣ್ಮಕ್ಕಳು ಸೇರಲ್ಲ.

ಅವರ ಹೆದರಿಕೆಗೆ ಕಾರಣವಿದೆ. ವಾಟ್ಸಾಪ್ ಗುಂಪಿನಲ್ಲಿ ನಂಬರ್ ಕಾಣುತ್ತದೆ, ಗುರುತಿಲ್ಲದವರು ರಾತ್ರಿ ಹತ್ತಕ್ಕೆ "ಹಾಯ್" ಎಂದು ಕಳಿಸುತ್ತಾರೆ. ಗುಂಪಿನವರಿಗೆ ಒಪ್ಪಿಗೆಯಿಲ್ಲದೆ ಖಾಸಗಿಯಾಗಿ ಮೆಸೇಜು ಮಾಡಿದರೆ ಅದೇ ದಿನ ಹೊರಗೆ ಎಂದು ವಿವರಣೆಯಲ್ಲೇ ಬರೆಯಿರಿ, ಬರೆದಂತೆ ನಡೆಯಿರಿ. ದೂರು ಹೇಳಲು ಒಬ್ಬ ಮಹಿಳೆ ಅಡ್ಮಿನ್ ಇರಲೇಬೇಕು. ಸೇರುವ ಕೊಂಡಿಯನ್ನು ಎಲ್ಲೆಂದರಲ್ಲಿ ಹಾಕದೆ, ಅಡ್ಮಿನ್ ಒಪ್ಪಿದ ಮೇಲೆ ಮಾತ್ರ ಒಳಬರುವಂತೆ ಇಡಿ. ಸ್ವಸಹಾಯ ಸಂಘದ ಹೊಲಿಗೆ, ಅಡುಗೆ ಗುಂಪುಗಳನ್ನು ಅಕ್ಕಂದಿರು ತಮ್ಮವರಷ್ಟೇ ಇಟ್ಟುಕೊಂಡರೆ ಅದೂ ಸರಿ.

ಶಾಲೆ ಮಕ್ಕಳನ್ನ ಸೇರಿಸಬಹುದಾ?

ವಾಟ್ಸಾಪ್ ಬಳಸಲು 13 ವರ್ಷ ತುಂಬಿರಬೇಕು. ನನ್ನ ಮಟ್ಟಿಗೆ ಹೈಸ್ಕೂಲು ಮುಗಿಯುವ ತನಕ ಅಪ್ಪ ಅಮ್ಮನ ಫೋನಿನಿಂದ, ಅವರ ಜೊತೆಯಲ್ಲೇ ಭಾಗವಹಿಸಲಿ. ಮಕ್ಕಳ ಫೋಟೋ, ಅಂಕಪಟ್ಟಿ ಗುಂಪಿಗೆ ಬರಬಾರದು.

ಯಾರೋ ಏನೋ ಹಾಕಿದ್ರೆ ಅಡ್ಮಿನ್ ಮೇಲೆ ಕೇಸ್ ಆಗುತ್ತಂತೆ?

ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ ಕೂಡ ಅದರಲ್ಲಿ ಕೈಜೋಡಿಸಿದ್ದರೆ ಮಾತು ಬೇರೆ. ಕೆಟ್ಟದ್ದು ಕಂಡ ಕೂಡಲೇ ಅಳಿಸಿ, ಹಾಕಿದವರನ್ನು ತೆಗೆದುಬಿಡಿ. ಇಬ್ಬರು ಮೂವರು ಅಡ್ಮಿನ್ ಇದ್ದರೆ ಯಾರೊಬ್ಬರ ಮೇಲೂ ಹೊರೆ ಬೀಳುವುದಿಲ್ಲ.

ಮುಖಾಮುಖಿ ಸೇರಲೇಬೇಕಾ?

ವರ್ಷಕ್ಕೆ ಎರಡು ಸಲವಾದರೂ ಸೇರಿ. ದೊಡ್ಡಗದ್ದವಳ್ಳಿಯ ಹೊಯ್ಸಳ ಗುಡಿಯೋ ಅಮೃತಾಪುರದ್ದೋ, ಒಬ್ಬರ ತೋಟವೋ, ಯಾವುದಾದರೂ ಆಗಲಿ. ಒಟ್ಟಿಗೆ ಕೂತು ಊಟ ಮಾಡಿದವರು ಮರುದಿನದಿಂದ ಗುಂಪಿನಲ್ಲಿ ಸಲೀಸಾಗಿ ಪ್ರಶ್ನೆ ಕೇಳುತ್ತಾರೆ. ಬುತ್ತಿ ಅವರವರೇ ತಂದರೆ ಖರ್ಚಿನ ಮಾತೇ ಇಲ್ಲ.

ಈಗ ಎಐ ಇದೆಯಲ್ಲ, ಅದನ್ನೇ ಕೇಳಿದ್ರೆ ಗುಂಪು ಯಾಕೆ?

ಪದದ ಅರ್ಥ, ಲೆಕ್ಕದ ಹಂತ, ವ್ಯಾಕರಣಕ್ಕೆ ಕೇಳಿ, ಸಹಾಯವಾಗುತ್ತದೆ. ಶಾಸನದ ಸವೆದ ಅಕ್ಷರಕ್ಕೆ ಕೇಳಿದರೆ ಕಾಣದ್ದನ್ನೂ ಕಂಡಂತೆ ತುಂಬಿಕೊಡುವ ಅಪಾಯ ಇದೆ. ಎಐ ಉತ್ತರ ಗುಂಪಿಗೆ ಹಾಕುವಾಗ ಅದು ಎಐ ಕೊಟ್ಟದ್ದು ಎಂದು ಬರೆಯಲೇಬೇಕು. ನಿಮ್ಮ ಇಳಿಜಾರಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಕಳೆದ ವರ್ಷ ಬಸಿಗಾಲುವೆ ತೆಗೆದ ಮೇಲೆ ಎಷ್ಟು ಬಳ್ಳಿ ಉಳಿದವು ಎಂದು ಗೊತ್ತಿರುವುದು ಪಕ್ಕದ ತೋಟದವರಿಗೆ.

ಗುಂಪು ತಣ್ಣಗಾಗಿದೆ. ಮುಚ್ಚಿಬಿಡೋದಾ?

ಕೆಲಸ ಮುಗಿದಿದ್ದರೆ ಮುಚ್ಚಿ, ಅದರಲ್ಲಿ ಬೇಸರವೇನಿಲ್ಲ. ಪರೀಕ್ಷೆ ಮುಗಿದ ಗುಂಪು, ಹಂಗಾಮು ಮುಗಿದ ಗುಂಪು ಸುಮ್ಮನೆ ಉಳಿದರೆ ಫಾರ್ವರ್ಡ್ ತುಂಬಿಕೊಳ್ಳುತ್ತದೆ. ಮುಚ್ಚುವ ಹದಿನೈದು ದಿನ ಮುಂಚೆ ತಿಳಿಸಿ. ಆ ಹದಿನೈದು ದಿನದಲ್ಲಿ, ಉತ್ತರ ಬಂದು ಫಲಿತಾಂಶ ಬರದೆ ಉಳಿದ ಪ್ರಶ್ನೆಗಳ ಪಟ್ಟಿ ಮಾಡಿ ಕೇಳಿದವರನ್ನೇ ವಿಚಾರಿಸಿ: "ಆ ಬಳ್ಳಿ ಏನಾಯ್ತಣ್ಣ?" "ಆ ರವಿಕೆ ಸರಿಯಾಯ್ತಾ ಅಕ್ಕ?" ಬಂದದ್ದನ್ನು ಡಾಕ್‌ಗೆ ಸೇರಿಸಿ. ನಂತರ ಎಕ್ಸ್‌ಪೋರ್ಟ್ ಚಾಟ್ ಒತ್ತಿ ಇಡೀ ಮಾತುಕತೆಯನ್ನು ಇಬ್ಬರ ಬಳಿ ಉಳಿಸಿ. ಮತ್ತೆ ಶುರುಮಾಡುವವರು ಯಾರೇ ಆದರೂ ಆ ಡಾಕ್ ಅವರಿಗೆ ಸಿಗುವಂತೆ ನೋಡಿಕೊಳ್ಳಿ.